ಧಾರವಾಡದ ಒಂದು ಅರ್ಜಿ: ಟೈಫಾಯ್ಡ್ ಮತ್ತು ಮಾನವೀಕೃತ ಇಲಿ

ಧಾರವಾಡದ ಸಂಶೋಧನಾ ಸಂಸ್ಥೆಯೊಂದರ ಪ್ರಾಣಿ ನೈತಿಕ ಸಮಿತಿಗೆ ಬಂದ ಒಂದು ಅರ್ಜಿಯ ಪ್ರಕರಣ ಇದು. ಅರ್ಜಿದಾರೆ ಹಾವೇರಿ ಜಿಲ್ಲೆಯವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವರು. ನಾನು ಆ ಸಮಿತಿಯ ಪಶುವೈದ್ಯ ಸದಸ್ಯ. ಸಂಸ್ಥೆಯ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂಥ ಅರ್ಜಿಯನ್ನು ಬರೆಯುವವರಿಗೂ ಓದಿ ತೀರ್ಮಾನಿಸುವವರಿಗೂ ಉಪಯೋಗವಾದೀತು ಎಂದು ದಾಖಲಿಸುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ ಬಗೆ

ಹುಬ್ಬಳ್ಳಿ-ಧಾರವಾಡಕ್ಕೆ ಟೈಫಾಯ್ಡ್ ಹಳೆಯ ಪರಿಚಯ. ಬಹುಮಟ್ಟಿಗೆ ಮಲಪ್ರಭೆಯ ನೀರನ್ನು ನಂಬಿರುವ ಈ ಅವಳಿ ನಗರದ ಅನೇಕ ಬಡಾವಣೆಗಳಲ್ಲಿ ನಳಕ್ಕೆ ವಾರಕ್ಕೊಮ್ಮೆ ನೀರು ಬರುವುದೇ ರೂಢಿಯಾಗಿತ್ತು. ಬಂದ ದಿನ ಕೊಡ, ಹಂಡೆ, ಬ್ಯಾರೆಲ್, ಸಿಂಟೆಕ್ಸ್ ಎಲ್ಲ ತುಂಬಬೇಕು. ಜ್ವರ ಮೂರು ದಿನ ದಾಟಿತೆಂದರೆ ‘ವಿಡಾಲ್ ಮಾಡಿಸಿ’ ಎನ್ನುವುದೂ ಅಷ್ಟೇ ರೂಢಿ. 1896ರಷ್ಟು ಹಳೆಯದಾದ ಆ ಪರೀಕ್ಷೆ ಹಿಂದೆಂದೋ ಬಂದುಹೋದ ಸೋಂಕನ್ನೂ ಸಾಲ್ಮೊನೆಲ್ಲಾ ರೋಗಾಣುವಿನ ಬೇರೆ ಬಗೆಗಳನ್ನೂ ಟೈಫಾಯ್ಡ್ ಎಂದೇ ತೋರಿಸಬಹುದು. ಅರ್ಜಿದಾರೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿಯೇ. ವಿಡಾಲ್ ಪಾಸಿಟಿವ್ ಬಂದವರನ್ನೆಲ್ಲ ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ರಕ್ತದ ಕಲ್ಚರ್‌ನಲ್ಲಿ ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ನಿಜಕ್ಕೂ ಬೆಳೆದ ರೋಗಿಗಳನ್ನು ಮಾತ್ರ ತೆಗೆದುಕೊಂಡು, ಆ ರೋಗಾಣುಗಳನ್ನು ಕಾದಿರಿಸಿದ್ದರು.

ಆಕೆ ಗಮನಿಸಿದ ಸಂಗತಿ ಹೀಗಿತ್ತು. ಇಬ್ಬರು ರೋಗಿಗಳ ರೋಗಾಣುವೂ ಸೆಫ್ಟ್ರಿಯಾಕ್ಸೋನ್ ಎಂಬ ಪ್ರತಿಜೀವಕಕ್ಕೆ ಬಗ್ಗುತ್ತದೆ ಎಂದು ವರದಿ ಹೇಳುತ್ತದೆ, ಇಬ್ಬರಿಗೂ ಅದನ್ನೇ ಕೊಟ್ಟಿದ್ದಾರೆ. ಒಬ್ಬರ ಜ್ವರ ನಾಲ್ಕೈದು ದಿನಕ್ಕೆ ಇಳಿಯುತ್ತದೆ, ಇನ್ನೊಬ್ಬರದು ಎರಡನೆಯ ವಾರಕ್ಕೂ ಮುಂದುವರಿಯುತ್ತದೆ. ವ್ಯತ್ಯಾಸ ಇರುವುದು ರೋಗಾಣುವಿನಲ್ಲೋ ರೋಗಿಯಲ್ಲೋ? ಒಳ್ಳೆಯ ಪ್ರಶ್ನೆ. ವಾರ್ಡಿನಲ್ಲಿ ನಿಂತು ಉತ್ತರಿಸಲಾಗದ ಪ್ರಶ್ನೆಯೂ ಹೌದು, ಏಕೆಂದರೆ ಅಲ್ಲಿ ಪ್ರತಿ ರೋಗಾಣುವೂ ಒಬ್ಬನೇ ರೋಗಿಯೊಳಗಿಂದ ಬಂದಿರುತ್ತದೆ.

ಅರ್ಜಿಯಲ್ಲಿ ಎರಡು ಉದ್ದೇಶಗಳಿದ್ದವು. ಮೊದಲನೆಯದು, ಬೇಗ ಗುಣವಾದ ಮತ್ತು ತಡವಾಗಿ ಗುಣವಾದ ರೋಗಿಗಳ ರೋಗಾಣುಗಳನ್ನು ಮಾನವೀಕೃತ ಇಲಿಗಳಿಗೆ, ಅಂದರೆ ಮನುಷ್ಯ ಕೋಶಗಳನ್ನು ಹಾಕಿಸಿಕೊಂಡ ಇಲಿಗಳಿಗೆ, ಚುಚ್ಚಿ ಯಾವುದು ಹೆಚ್ಚು ಬೆಳೆಯುತ್ತದೆ ಎಂದು ನೋಡುವುದು. ಎರಡನೆಯದು, ಅಂಥ ಇಲಿಗಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಕೊಟ್ಟು ಮನುಷ್ಯ ಪ್ರತಿಕಾಯಗಳು ಎಷ್ಟು ಹುಟ್ಟುತ್ತವೆ, ಅವು ಈ ಸ್ಥಳೀಯ ರೋಗಾಣುಗಳನ್ನು ತಡೆಯುತ್ತವೆಯೇ ಎಂದು ಅಳೆಯುವುದು. ಎರಡನೆಯದು ಮಾರ್ಗದರ್ಶಕರ ಸಲಹೆ ಎಂದು ಆಮೇಲೆ ತಿಳಿಯಿತು. ಲಸಿಕೆ ಎಂಬ ಪದ ಇದ್ದರೆ ಅನುದಾನ ಕೊಡುವವರ ಕಣ್ಣಿಗೆ ಬೀಳುತ್ತದೆ ಎಂಬ ಲೆಕ್ಕ. ಈ ಲೆಕ್ಕ ಗೊತ್ತಿಲ್ಲದ ಮಾರ್ಗದರ್ಶಕರು ನಮ್ಮಲ್ಲಿ ಕಡಿಮೆ.

ಸಾಮಾನ್ಯ ಇಲಿ ಏಕೆ ಸಾಲದು

ಸಾಲ್ಮೊನೆಲ್ಲಾ ಟೈಫಿ ಮನುಷ್ಯನನ್ನು ಬಿಟ್ಟರೆ ಬೇರೆ ಪ್ರಾಣಿಯಲ್ಲಿ ನೆಲೆ ನಿಲ್ಲುವುದಿಲ್ಲ. ಅದರ ದಾಯಾದಿ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಮ್ ಇಲಿಯಲ್ಲಿ ಟೈಫಾಯ್ಡ್‌ನಂಥ ಕಾಯಿಲೆ ತರುತ್ತದೆ. ಟೈಫಾಯ್ಡ್ ದೇಹದೊಳಗೆ ಹೇಗೆ ಹರಡುತ್ತದೆ ಎಂದು ಪಠ್ಯಪುಸ್ತಕಗಳು ಹೇಳುವುದರಲ್ಲಿ ಬಹುಪಾಲು ಆ ದಾಯಾದಿಯಿಂದ ಕಲಿತದ್ದು. ಅದೇ ಇಲಿಗೆ ನಿಜವಾದ ಟೈಫಿಯನ್ನು ಕೊಟ್ಟರೆ ಇಲಿಯ ಭಕ್ಷಕ ಕೋಶಗಳು, ಅಂದರೆ ಮ್ಯಾಕ್ರೊಫೇಜ್‌ಗಳು, ಅದನ್ನು ನುಂಗಿ ಮುಗಿಸುತ್ತವೆ. ಇದರ ಒಂದು ಕಾರಣವನ್ನು ಯೇಲ್ ವಿಶ್ವವಿದ್ಯಾಲಯದ ಸ್ಟೆಫಾನಿಯಾ ಸ್ಪಾನೊ ಮತ್ತು ಹೋರ್ಹೆ ಗಲಾನ್ 2012ರಲ್ಲಿ ತೋರಿಸಿದರು. ಇಲಿಯ ಭಕ್ಷಕ ಕೋಶದಲ್ಲಿ ರ‍್ಯಾಬ್32 ಎಂಬ ಪ್ರೋಟೀನು ರೋಗಾಣು ಕುಳಿತಿರುವ ಗುಳ್ಳೆಗೆ ಬಂದು ಸೇರಿ ಅದನ್ನು ಕೊಲ್ಲಲು ನೆರವಾಗುತ್ತದೆ. ಟೈಫಿಮ್ಯೂರಿಯಮ್ ಬಳಿ ಆ ಪ್ರೋಟೀನನ್ನು ಕತ್ತರಿಸುವ ಜಿಟಿಜಿಇ ಎಂಬ ಕಿಣ್ವವಿದೆ, ಟೈಫಿಯ ಬಳಿ ಇಲ್ಲ. ಆ ಒಂದು ವಂಶವಾಹಿಯನ್ನು ಟೈಫಿಗೆ ಸೇರಿಸಿದರೆ ಅದು ಇಲಿಯ ಭಕ್ಷಕ ಕೋಶದಲ್ಲೂ ಬದುಕಿಕೊಳ್ಳುತ್ತದೆ.

ಅದೇ ವರ್ಷ, ರೋಗಾಣುವಿನ ಸುಳಿವು ಹಿಡಿಯುವ ಟಿಎಲ್ಆರ್11 ಎಂಬ ಗ್ರಾಹಕ ಪ್ರೋಟೀನನ್ನು ತೆಗೆದುಹಾಕಿದರೆ ಸಾಮಾನ್ಯ ಇಲಿಗೂ ಟೈಫಿ ತಗಲುತ್ತದೆ ಎಂದು ಬೇರೊಂದು ತಂಡ ಪ್ರಕಟಿಸಿತ್ತು. ಬೇರೆ ಪ್ರಯೋಗಾಲಯಗಳು ಮಾಡಿ ನೋಡಿದಾಗ ಅದು ಸಿಗಲಿಲ್ಲ. ಅರ್ಜಿದಾರೆ ತಮ್ಮ ಅರ್ಜಿಯಲ್ಲಿ ಇದನ್ನೂ ಬರೆದಿದ್ದರು. ತನಗೆ ಅನುಕೂಲವಲ್ಲದ್ದನ್ನೂ ಬರೆಯುವ ಅರ್ಜಿ ಅಪರೂಪ.

ಹಾಗಾಗಿ ಮನುಷ್ಯನ ಭಕ್ಷಕ ಕೋಶಗಳಿರುವ ಇಲಿ ಬೇಕು. ಅದಕ್ಕೆ ಮೊದಲು ಬೇಕಾದದ್ದು ಪರಕೀಯ ಕೋಶವನ್ನು ತಳ್ಳಿಹಾಕದ ಇಲಿ. 1983ರಲ್ಲಿ ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕೇಂದ್ರದಲ್ಲಿ ಮೆಲ್ವಿನ್ ಬೋಸ್ಮಾ ಮತ್ತು ಸಂಗಡಿಗರು ರೋಗನಿರೋಧಕ ಶಕ್ತಿಗೆ ಆಧಾರವಾದ ಟಿ ಮತ್ತು ಬಿ ಕೋಶಗಳೇ ಇಲ್ಲದ ‘ಸ್ಕಿಡ್’ ಇಲಿಯನ್ನು ವರದಿ ಮಾಡಿದರು. 1988ರಲ್ಲಿ ಅಂಥ ಇಲಿಗಳಲ್ಲಿ ಮನುಷ್ಯ ರಕ್ತಕೋಶಗಳನ್ನು ನೆಲೆಗೊಳಿಸಿದ ಮೊದಲ ವರದಿಗಳು ಬಂದವು. ಸ್ಕಿಡ್ ಇಲಿಯಲ್ಲಿ ಪರಕೀಯ ಕೋಶಗಳನ್ನು ಕೊಲ್ಲುವ ಸಹಜ ಮಾರಕ ಕೋಶಗಳು ಉಳಿದಿರುತ್ತಿದ್ದುದರಿಂದ ಮನುಷ್ಯ ಕೋಶಗಳು ಚೆನ್ನಾಗಿ ಬೇರೂರುತ್ತಿರಲಿಲ್ಲ. ಗಾಮಾ ಸರಪಳಿ ಎಂಬ ಗ್ರಾಹಕಭಾಗವನ್ನೂ ತೆಗೆದ ನಂತರ ದಾರಿ ತೆರೆಯಿತು: 2002ರಲ್ಲಿ ಜಪಾನಿನ ಎನ್ಒಜಿ, 2005ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಎನ್ಎಸ್‌ಜಿ. ಇವೆರಡರ ಮೂಲತಳಿ ಎನ್ಒಡಿ ಇಲಿ. ಅದರ ಭಕ್ಷಕ ಕೋಶದ ಮೇಲಿನ ಸರ್ಪ್-ಆಲ್ಫಾ ಎಂಬ ಪ್ರೋಟೀನು ಮನುಷ್ಯ ಕೋಶದ ಸಿಡಿ47ಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಇಲಿಯ ಭಕ್ಷಕ ಕೋಶ ಮನುಷ್ಯ ಕೋಶವನ್ನು ನುಂಗದೆ ಬಿಡುತ್ತದೆ. ತಳಿ ಆರಿಸಿದವರು ಇದನ್ನು ಎಣಿಸಿ ಆರಿಸಿದ್ದಲ್ಲ, ಕಾರಣ ತಿಳಿದದ್ದು ಆಮೇಲೆ.

2010ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ಮನುಷ್ಯ ರಕ್ತದ ಕಾಂಡಕೋಶ, ಅಂದರೆ ಉಳಿದ ರಕ್ತಕೋಶಗಳನ್ನು ಹುಟ್ಟಿಸುವ ಮೂಲಕೋಶ, ಹಾಕಿಸಿಕೊಂಡ ಇಲಿಗಳಲ್ಲಿ ಟೈಫಿ ಬೆಳೆಯುತ್ತದೆ ಎಂದು ತೋರಿಸಿದವು. ಅರ್ಜಿ ನಿಂತಿದ್ದು ಈ ಎರಡು ವರದಿಗಳ ಮೇಲೆ.

ಸಭೆ

ಸಮಿತಿಯಲ್ಲಿ ಸಾಮಾಜಿಕ ಪ್ರಜ್ಞೆಯ ಸದಸ್ಯರಾಗಿ ಗದಗಿನ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರಿದ್ದಾರೆ. ನಾವೆಲ್ಲ ಅವರನ್ನು ಮಾಸ್ತರರೇ ಎಂದು ಕರೆಯುತ್ತೇವೆ. ಮೊದಲ ಪ್ರಶ್ನೆ ಅವರದೇ.

‘ಇಷ್ಟೆಲ್ಲ ಮಾಡಿದ ಮೇಲೆ ಆ ಇಲಿಗೆ ಜ್ವರವಾದರೂ ಬರುತ್ತದೆಯೇ?’

ಕೆಲವರು ನಕ್ಕರು. ನಗುವ ಪ್ರಶ್ನೆ ಅದಾಗಿರಲಿಲ್ಲ. ತೀವ್ರ ಸೋಂಕಾದ ಇಲಿಯ ಮೈ ಸಾಮಾನ್ಯವಾಗಿ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಅರ್ಜಿದಾರೆಯ ಮೂಲ ಪ್ರಶ್ನೆ ಇದ್ದದ್ದು ಜ್ವರ ಎಷ್ಟು ದಿನ ನಿಲ್ಲುತ್ತದೆ ಎಂಬುದರ ಬಗ್ಗೆ, ಇಲಿಯಲ್ಲಿ ಅಳೆಯಲು ಹೊರಟದ್ದು ಗುಲ್ಮ ಮತ್ತು ಯಕೃತ್ತಿನಲ್ಲಿ ಎಷ್ಟು ರೋಗಾಣುಗಳಿವೆ ಎಂಬುದನ್ನು. ಎರಡರ ನಡುವೆ ಸಂಬಂಧ ಇರಬಹುದು, ಆದರೆ ಅದು ಅರ್ಜಿಯಲ್ಲಿ ಬರೆದಿರಲಿಲ್ಲ. ಆಕೆ ತಡಬಡಿಸದೆ ಒಪ್ಪಿಕೊಂಡರು: ‘ಜ್ವರದ ಪ್ರಶ್ನೆಗೆ ಇಲಿ ಉತ್ತರಿಸುವುದಿಲ್ಲ ಸರ್. ಮನುಷ್ಯ ಕೋಶದೊಳಗೆ ಈ ರೋಗಾಣು ಎಷ್ಟು ಹೊತ್ತು ಬದುಕುತ್ತದೆ ಎಂಬುದಕ್ಕೆ ಮಾತ್ರ ಉತ್ತರ ಸಿಗಬಹುದು.’

ಎರಡನೆಯ ಆಕ್ಷೇಪ ಸಮುದಾಯ ವೈದ್ಯಶಾಸ್ತ್ರದ ಸದಸ್ಯರದು. ಅವರು 2015ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನು ನೆನಪಿಸಿದರು. ಅದು ಇದೇ ಹುಬ್ಬಳ್ಳಿ-ಧಾರವಾಡದ ಸುಮಾರು 3,900 ಮನೆಗಳಲ್ಲಿ, 24 ಗಂಟೆ ನೀರು ಬರುವ ವಾರ್ಡುಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳನ್ನೂ ಹೋಲಿಸಿದ ಕೆಲಸ. ಮಕ್ಕಳ ಒಟ್ಟಾರೆ ಅತಿಸಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ಆದರೆ ಟೈಫಾಯ್ಡ್ ಬಂದಿತ್ತೆಂದು ಹೇಳಿದ ಮನೆಗಳು ನಿರಂತರ ನೀರಿನ ವಾರ್ಡುಗಳಲ್ಲಿ ಶೇ 42ರಷ್ಟು ಕಡಿಮೆ ಇದ್ದವು. ‘ಉತ್ತರ ನಳದಲ್ಲಿದೆ, ಇಲಿಯ ಗೂಡಿನಲ್ಲಿ ಏಕೆ ಹುಡುಕುತ್ತೀರಿ?’ ಎಂಬುದು ಅವರ ವಾದ.

ಮಾತು ಕೇಳಲು ಚೆನ್ನಾಗಿತ್ತು, ಅರ್ಜಿಗೆ ಅನ್ವಯಿಸುತ್ತಿರಲಿಲ್ಲ. ಟೈಫಾಯ್ಡ್ ಬರದಂತೆ ಮಾಡುವುದು ಹೇಗೆ ಎಂದು ಆಕೆ ಕೇಳಿರಲಿಲ್ಲ. ಬಂದವರಲ್ಲಿ ಕೆಲವರು ಏಕೆ ತಡವಾಗಿ ಗುಣವಾಗುತ್ತಾರೆ ಎಂಬುದು ಬೇರೆ ಪ್ರಶ್ನೆ. ನೀರಿನ ಪೈಪು ಬದಲಿಸುವ ಅಧಿಕಾರ ಪಿಎಚ್.ಡಿ. ವಿದ್ಯಾರ್ಥಿನಿಗೆ ಇಲ್ಲ ಎಂಬುದನ್ನೂ ನೆನಪಿಡಬೇಕಿತ್ತು.

ನನ್ನ ಪಾಲಿಗೆ ಬಂದದ್ದು ಇಲಿಗಳ ಆರೈಕೆಯ ಪುಟ. ಮನುಷ್ಯ ಕಾಂಡಕೋಶಗಳಿಗೆ ಮೂಳೆಮಜ್ಜೆಯಲ್ಲಿ ಜಾಗ ಮಾಡಿಕೊಡಲು ಇಲಿಗೆ ಮೊದಲು ವಿಕಿರಣ ಕೊಡುತ್ತಾರೆ. ಸ್ಕಿಡ್ ದೋಷ ಡಿಎನ್ಎ ದುರಸ್ತಿಯ ದೋಷವೇ ಆದ್ದರಿಂದ ಎನ್ಎಸ್‌ಜಿ ಇಲಿ ತಡೆದುಕೊಳ್ಳುವ ಪ್ರಮಾಣ ಕಡಿಮೆ, ನವಜಾತ ಮರಿಗಳಿಗೆ ಸುಮಾರು 1 ಗ್ರೇ (ಗ್ರೇ ಎಂಬುದು ವಿಕಿರಣದ ಅಳತೆ). ಸಂಸ್ಥೆಯಲ್ಲಿ ವಿಕಿರಣ ಯಂತ್ರವಿಲ್ಲ. ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯೊಂದರ ಯಂತ್ರವನ್ನು ರೋಗಿಗಳ ಸರದಿ ಮುಗಿದ ಮೇಲೆ ಬಳಸಿಕೊಳ್ಳುತ್ತೇವೆ ಎಂದು ಬರೆದಿದ್ದರು. ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳನ್ನು ಏಪ್ರಿಲ್ ಬಿಸಿಲಿನಲ್ಲಿ ಇಪ್ಪತ್ತು ಕಿಲೋಮೀಟರ್ ಕಾರಿನಲ್ಲಿ ಕೊಂಡೊಯ್ದು ಮರಳಿ ತರುವ ಯೋಜನೆ ಅದು. ಪೆಟ್ಟಿಗೆಯ ಗಾಳಿ ಶೋಧಕ, ಒಳಗಿನ ಉಷ್ಣತೆ, ಯಾವುದರ ವಿವರವೂ ಇರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಮುಂದಿನ ಸಾಲಿನಲ್ಲಿತ್ತು. ವಿಕಿರಣದ ನಂತರ ಸೋಂಕಾಗದಂತೆ ಇಲಿಗಳ ಕುಡಿಯುವ ನೀರಿನಲ್ಲಿ ಎನ್ರೊಫ್ಲಾಕ್ಸಾಸಿನ್ ಬೆರೆಸಲಾಗುವುದು ಎಂದಿತ್ತು. ಇದು ಇಂಥ ಇಲಿಗಳ ಆರೈಕೆಯಲ್ಲಿ ಸಾಮಾನ್ಯ ಕ್ರಮ. ಎನ್ರೊಫ್ಲಾಕ್ಸಾಸಿನ್ ಪಶುವೈದ್ಯರ ದಿನನಿತ್ಯದ ಔಷಧ, ದೇಹದಲ್ಲಿ ಅದರ ಒಂದು ಭಾಗ ಸಿಪ್ರೊಫ್ಲಾಕ್ಸಾಸಿನ್ ಆಗುತ್ತದೆ. ಸಿಪ್ರೊ ಟೈಫಾಯ್ಡ್‌ನ ಔಷಧ. ಅದನ್ನು ಯಾವಾಗ ನಿಲ್ಲಿಸುತ್ತೀರಿ, ನಿಲ್ಲಿಸಿದ ಎಷ್ಟು ದಿನಕ್ಕೆ ಟೈಫಿ ಚುಚ್ಚುತ್ತೀರಿ ಎಂದು ಕೇಳಿದೆ. ಅರ್ಜಿಯಲ್ಲಿ ಉತ್ತರ ಇರಲಿಲ್ಲ.

ಇಲ್ಲಿ ಆಗಬಹುದಾದ ಅನಾಹುತ ಸೂಕ್ಷ್ಮವಾದದ್ದು. ಭಾರತದ ಟೈಫಿಗಳಲ್ಲಿ ಹೆಚ್ಚಿನವು ಸಿಪ್ರೊಗೆ ಪೂರ್ತಿ ಬಗ್ಗುವುದಿಲ್ಲ, ಆದರೆ ಎಲ್ಲವೂ ಒಂದೇ ಮಟ್ಟದಲ್ಲಿ ಸೆಟೆದು ನಿಲ್ಲುವುದೂ ಇಲ್ಲ. ಔಷಧದ ಲೇಶ ಉಳಿದಿರುವ ಇಲಿಗೆ ಎರಡು ರೋಗಾಣುಗಳನ್ನು ಚುಚ್ಚಿದರೆ ಸಿಪ್ರೊಗೆ ಹೆಚ್ಚು ಸೆಟೆದು ನಿಲ್ಲುವುದೇ ಹೆಚ್ಚು ಬೆಳೆಯುತ್ತದೆ. ಸಂಶೋಧಕಿ ಅದನ್ನು ‘ಮನುಷ್ಯ ಭಕ್ಷಕ ಕೋಶದಲ್ಲಿ ಹೆಚ್ಚು ಬದುಕುವ ರೋಗಾಣು’ ಎಂದು ಬರೆದುಕೊಳ್ಳುತ್ತಾರೆ. ಪ್ರಬಂಧ ಪ್ರಕಟವಾಗುತ್ತದೆ, ಯಾರಿಗೂ ಸುಳಿವು ಹತ್ತುವುದಿಲ್ಲ. ಇಂಥದ್ದನ್ನು ಹಿಡಿಯುವುದು ನೈತಿಕ ಸಮಿತಿಯ ಕೆಲಸವಲ್ಲ, ವಿಜ್ಞಾನ ಪರಿಶೀಲನೆಯವರ ಕೆಲಸ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಪ್ಪು ಉತ್ತರಕ್ಕಾಗಿ ಸಾಯುವ ಇಲಿ ವ್ಯರ್ಥವಾಗಿ ಸತ್ತ ಇಲಿ, ಅದು ನೇರ ನಮ್ಮ ಕೆಲಸ.

ಸಂಖ್ಯಾಶಾಸ್ತ್ರ ಬಲ್ಲ ಸದಸ್ಯರು ಇನ್ನೊಂದು ಗಂಟನ್ನು ಹಿಡಿದರು. ಅರ್ಜಿ ಕೇಳಿದ್ದು 48 ಇಲಿ. ಒಂದು ಹೊಕ್ಕುಳಬಳ್ಳಿಯಿಂದ ಸಿಗುವ ಕಾಂಡಕೋಶಗಳು ಹಲವು ಇಲಿಗಳಿಗೆ ಸಾಕಾಗುವುದರಿಂದ ಎರಡೇ ಬಳ್ಳಿಗಳಿಂದ ಎಲ್ಲವನ್ನೂ ತಯಾರಿಸುವ ಯೋಚನೆ. ಹಾಗಾದರೆ ಪ್ರಯೋಗದಲ್ಲಿ 48 ಇಲಿಗಳಿವೆ, ಮನುಷ್ಯರು ಇಬ್ಬರೇ. ಒಂದೇ ಬಳ್ಳಿಯಿಂದ ಬಂದ 24 ಇಲಿಗಳು ಒಬ್ಬನೇ ಮನುಷ್ಯನ ರೋಗನಿರೋಧಕ ಕೋಶಗಳನ್ನು 24 ಸಲ ತೋರಿಸುತ್ತವೆ. ವ್ಯತ್ಯಾಸ ರೋಗಿಯಲ್ಲಿದೆಯೋ ರೋಗಾಣುವಿನಲ್ಲಿದೆಯೋ ಎಂದು ಕೇಳುವ ಅಧ್ಯಯನಕ್ಕೆ ಇಬ್ಬರು ಮನುಷ್ಯರು ಯಾವ ಲೆಕ್ಕಕ್ಕೂ ಸಾಲುವುದಿಲ್ಲ.

ಸಾವನ್ನೇ ಅಂತಿಮ ಫಲವಾಗಿ ಇಟ್ಟುಕೊಂಡಿದ್ದನ್ನು ಚರ್ಚೆಯಿಲ್ಲದೆ ತೆಗೆಸಿದೆವು. ತೂಕ ಶೇ 20ರಷ್ಟು ಇಳಿದರೆ ಅಥವಾ ಇಲಿ ಮುದುಡಿ ಕದಲದೆ ಕುಳಿತರೆ ಅಲ್ಲಿಗೇ ಅರಿವಳಿಕೆ ಕೊಟ್ಟು ಮುಗಿಸಬೇಕು. ಇಂಥ ಇಲಿಯ ಹಿಕ್ಕೆಯಲ್ಲಿ ಬರಬಹುದಾದ ರೋಗಾಣು ಮನುಷ್ಯನದೇ ಆದ್ದರಿಂದ ಗೂಡು ತೊಳೆಯುವ ಸಿಬ್ಬಂದಿಗೆ ಮೊದಲೇ ಟೈಫಾಯ್ಡ್ ಲಸಿಕೆ ಹಾಕಿಸಬೇಕು ಎಂಬ ಷರತ್ತೂ ಸೇರಿತು.

ಲಸಿಕೆಯ ಭಾಗ

ಹೆಚ್ಚು ಹೊತ್ತು ತೆಗೆದುಕೊಂಡದ್ದು ಇದು, ಮತ್ತು ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದೂ ಇದರಿಂದಲೇ.

ಟೈಫಿಯ ಹೊರಗವಚ ವಿಐ ಎಂಬ ಸಕ್ಕರೆಯ ಸರಪಳಿ. ಅದನ್ನಷ್ಟೇ ಚುಚ್ಚಿದರೆ ಬಿ ಕೋಶಗಳು ಟಿ ಕೋಶಗಳ ನೆರವಿಲ್ಲದೆ ಪ್ರತಿಕಾಯ ಮಾಡುತ್ತವೆ. ಅವು ಹೆಚ್ಚು ಕಾಲ ಬಾಳುವುದಿಲ್ಲ, ಎರಡು ವರ್ಷದೊಳಗಿನ ಮಕ್ಕಳಲ್ಲಿ ಸರಿಯಾಗಿ ಹುಟ್ಟುವುದೂ ಇಲ್ಲ. ಕಾಂಜುಗೇಟ್ ಲಸಿಕೆಯಲ್ಲಿ ಆ ಸಕ್ಕರೆಯನ್ನು ಧನುರ್ವಾಯುವಿನ ಟಾಕ್ಸಾಯ್ಡ್‌ಗೆ ಬೆಸೆದಿರುತ್ತಾರೆ. ಬಿ ಕೋಶ ಎರಡನ್ನೂ ಒಟ್ಟಿಗೆ ನುಂಗಿ, ಟಾಕ್ಸಾಯ್ಡ್‌ನ ತುಣುಕನ್ನು ಟಿ ಕೋಶಕ್ಕೆ ತೋರಿಸಿ ಅದರ ನೆರವು ಪಡೆಯುತ್ತದೆ. ಹೈದರಾಬಾದಿನ ಭಾರತ್ ಬಯೋಟೆಕ್ ಮಾಡಿದ ಟೈಪ್‌ಬಾರ್-ಟಿಸಿವಿ ಕೆಲಸ ಮಾಡುವುದು ಹೀಗೆ. ಅಂದರೆ ಲಸಿಕೆಯ ಗುಟ್ಟೆಲ್ಲ ಟಿ ಮತ್ತು ಬಿ ಕೋಶಗಳ ಕೈಜೋಡಣೆಯಲ್ಲಿದೆ.

ಎನ್ಎಸ್‌ಜಿ ಇಲಿಯಲ್ಲಿ ಕುಂಟುವುದು ಅದೇ ಕೈಜೋಡಣೆ. ಕಾಂಡಕೋಶದಿಂದ ಹುಟ್ಟುವ ಮನುಷ್ಯ ಟಿ ಕೋಶಗಳು ತರಬೇತಿ ಪಡೆಯುವುದು ಇಲಿಯ ಥೈಮಸ್ ಗ್ರಂಥಿಯಲ್ಲಿ. ಪ್ರತಿ ದೇಹದ ಕೋಶಗಳಿಗೂ ಒಂದು ಗುರುತಿನ ಚೀಟಿ ಇರುತ್ತದೆ ಎಂದುಕೊಳ್ಳಿ, ಟಿ ಕೋಶ ಆ ಚೀಟಿ ನೋಡಿಯೇ ಮಾತಿಗೆ ನಿಲ್ಲುವುದು. ಇಲ್ಲಿ ಟಿ ಕೋಶಕ್ಕೆ ಪರಿಚಯವಾಗಿರುವುದು ಬಹುಮಟ್ಟಿಗೆ ಇಲಿಯ ಚೀಟಿ, ನೆರವು ಕೇಳಿ ಬರುವ ಬಿ ಕೋಶದ ಬಳಿ ಇರುವುದು ಮನುಷ್ಯನ ಚೀಟಿ. ಗಾಮಾ ಸರಪಳಿ ಇಲ್ಲದ ಕಾರಣ ದುಗ್ಧಗ್ರಂಥಿಗಳೂ ಸರಿಯಾಗಿ ಬೆಳೆದಿರುವುದಿಲ್ಲ, ಇಬ್ಬರೂ ಸೇರಬೇಕಾದ ಜಾಗವೇ ಅರೆಬರೆ. ಫಲವಾಗಿ ಹುಟ್ಟುವ ಮನುಷ್ಯ ಪ್ರತಿಕಾಯಗಳಲ್ಲಿ ಹೆಚ್ಚಿನವು ಐಜಿಎಂ ಎಂಬ ಆರಂಭಿಕ ಬಗೆಯವು. ಲಸಿಕೆಯ ನಿಜವಾದ ಗಳಿಕೆಯಾದ ಐಜಿಜಿ ದುರ್ಬಲ.

ಹೀಗಿರುವಾಗ ಇಲಿಯಲ್ಲಿ ಲಸಿಕೆ ಕೆಲಸ ಮಾಡದಿದ್ದರೆ ಏನೆಂದು ಬರೆಯುತ್ತೀರಿ? ಹುಬ್ಬಳ್ಳಿಯ ರೋಗಾಣು ಲಸಿಕೆಗೆ ಬಗ್ಗುವುದಿಲ್ಲ ಎಂದೇ? ಹಾಗೆ ಬರೆದರೆ ಅದು ನಾಳೆ ಪತ್ರಿಕೆಯ ತಲೆಬರಹವಾಗುತ್ತದೆ, ನಾಡಿದ್ದು ತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿಯುತ್ತಾರೆ. ದೋಷ ಇದ್ದದ್ದು ಇಲಿಯಲ್ಲಿ ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮಾರ್ಗದರ್ಶಕರು ಬಿಎಲ್‌ಟಿ ಇಲಿಯ ಮಾತೆತ್ತಿದರು. 2006ರಿಂದ ಬಳಕೆಯಲ್ಲಿರುವ ಆ ಇಲಿಯಲ್ಲಿ ಮನುಷ್ಯ ಥೈಮಸ್ಸನ್ನೇ ಕಸಿ ಮಾಡಿರುವುದರಿಂದ ಟಿ ಕೋಶಗಳ ತರಬೇತಿ ಮನುಷ್ಯ ಅಂಗಾಂಶದಲ್ಲಿ ಆಗುತ್ತದೆ. ಎಚ್ಐವಿ ಅಧ್ಯಯನಕ್ಕೆ ಅದು ತುಂಬ ಉಪಕಾರ ಮಾಡಿದೆ. 2008ರಲ್ಲಿ, ಸೋಂಕಿಗೆ ಮೊದಲೇ ಔಷಧ ಕೊಟ್ಟರೆ ಯೋನಿಮಾರ್ಗದ ಹರಡುವಿಕೆ ತಡೆಯಬಹುದು ಎಂದು ತೋರಿಸಿದ್ದು ಅದೇ ಇಲಿಯಲ್ಲಿ. ಆದರೆ ಅದಕ್ಕೆ ಬೇಕಾದದ್ದು ಭ್ರೂಣದ ಥೈಮಸ್ ಮತ್ತು ಯಕೃತ್ತು. ‘ಗರ್ಭಪಾತದ ಅಂಗಾಂಶ ಎಲ್ಲಿಂದ ತರುತ್ತೀರಿ ಸಾಹೇಬರೇ?’ ಎಂದು ಮಾಸ್ತರರು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ಸಂಗತಿ ನನಗೆ ನಿರ್ಣಾಯಕವಾಗಿ ಕಂಡಿತು. ಈ ಲಸಿಕೆಯ ವಿಷಯದಲ್ಲಿ ಮನುಷ್ಯರಿಂದಲೇ ಉತ್ತರ ಬಂದಾಗಿದೆ. ಆಕ್ಸ್‌ಫರ್ಡ್‌ನಲ್ಲಿ ಸ್ವಯಂಸೇವಕರು ಟೈಫಿಯನ್ನು ಕುಡಿದು ನಡೆಸಿದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ನೇಪಾಳದ ಮಕ್ಕಳಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲ 2019ರಲ್ಲಿ, ಮಲಾವಿಯದು 2021ರಲ್ಲಿ ಬಂದವು; ಎರಡರಲ್ಲೂ ರಕ್ಷಣೆ ಶೇ 80ರ ಆಸುಪಾಸು. ಮಕ್ಕಳು ಉತ್ತರ ಕೊಟ್ಟ ಪ್ರಶ್ನೆಯನ್ನು ಅರೆ ಮನುಷ್ಯ ಇಲಿಗೆ ಮತ್ತೆ ಕೇಳುವುದರಲ್ಲಿ ಅರ್ಥವಿಲ್ಲ. ಎರಡನೆಯ ಉದ್ದೇಶವನ್ನು ಕೈಬಿಡಬೇಕು ಎಂದು ಸಮಿತಿ ಬರೆಯಿತು. ಮಾರ್ಗದರ್ಶಕರ ಮುಖ ಗಂಟಿಕ್ಕಿತು. ಅರ್ಜಿದಾರೆಗೆ ಮಾತ್ರ, ನನಗೆ ಕಂಡ ಹಾಗೆ, ಭಾರ ಇಳಿದಂತಾಯಿತು.

ಮೊದಲ ಉದ್ದೇಶ ಮತ್ತು ಬಳ್ಳಿರಕ್ತ

ಮೊದಲ ಉದ್ದೇಶ ನಿಂತಿದ್ದು ಟಿ, ಬಿ ಕೋಶಗಳ ಮೇಲಲ್ಲ, ಭಕ್ಷಕ ಕೋಶಗಳ ಮೇಲೆ. ಅಲ್ಲಿಯೂ ಸಾಮಾನ್ಯ ಎನ್ಎಸ್‌ಜಿ ಸ್ವಲ್ಪ ಕೈಕೊಡುತ್ತದೆ. ರಕ್ತಕೋಶಗಳನ್ನು ಬೆಳೆಸುವ ಜಿಎಂ-ಸಿಎಸ್ಎಫ್, ಐಎಲ್-3, ಎಂ-ಸಿಎಸ್ಎಫ್ ಮೊದಲಾದ ಇಲಿಯ ಸಂಕೇತಗಳು ಮನುಷ್ಯ ಕೋಶಕ್ಕೆ ಸರಿಯಾಗಿ ಮುಟ್ಟುವುದಿಲ್ಲ, ಹಾಗಾಗಿ ಮನುಷ್ಯ ಭಕ್ಷಕ ಕೋಶಗಳು ಅಲ್ಲಿ ಕಡಿಮೆ, ಇದ್ದವೂ ಅಷ್ಟು ಬಲಿತಿರುವುದಿಲ್ಲ. 2014ರಲ್ಲಿ ವರದಿಯಾದ ಮಿಸ್ಟರ್ಗ್ ಇಲಿಯಲ್ಲಿ ಈ ಸಂಕೇತಗಳ ಮನುಷ್ಯ ವಂಶವಾಹಿಗಳನ್ನೇ ಸೇರಿಸಿದ್ದಾರೆ. ಅದರಲ್ಲಿ ಮನುಷ್ಯ ಭಕ್ಷಕ ಕೋಶಗಳು ಎಷ್ಟು ಚೆನ್ನಾಗಿ ಬೆಳೆಯುತ್ತವೆ ಎಂದರೆ ಅವು ಇಲಿಯ ಕೆಂಪು ರಕ್ತಕಣಗಳನ್ನೇ ತಿನ್ನತೊಡಗಿ, ಕಸಿ ಹೆಚ್ಚು ಹತ್ತಿದಷ್ಟೂ ಇಲಿ ರಕ್ತಹೀನತೆಯಿಂದ ಬೇಗ ಸಾಯುತ್ತದೆ. ಹೀಗೆ ಪ್ರತಿ ತಳಿಗೂ ಒಂದೊಂದು ಕೊರತೆ. ‘ಮಾನವೀಕೃತ ಇಲಿ ಬಳಸಲಾಗುವುದು’ ಎಂದಷ್ಟೇ ಬರೆದ ಅರ್ಜಿ ನನ್ನ ಮಟ್ಟಿಗೆ ಅಪೂರ್ಣ. ಪ್ರಶ್ನೆ ಯಾವ ಕೋಶದ ಮೇಲೆ ನಿಂತಿದೆ, ಆ ಕೋಶ ಈ ತಳಿಯಲ್ಲಿ ನಿಜಕ್ಕೂ ಇದೆಯೇ, ಇದ್ದರೆ ಕೆಲಸ ಮಾಡುತ್ತದೆಯೇ, ಇಷ್ಟನ್ನು ಬರೆಯಲೇಬೇಕು. ಜೊತೆಗೆ, 2010ರ ಇಲಿಗಳಿಗೆ ಟೈಫಿಯನ್ನು ಚುಚ್ಚಿ ಕೊಟ್ಟದ್ದೇ ಹೊರತು ಅವು ಕಲುಷಿತ ನೀರು ಕುಡಿದು ಸೋಂಕು ಹಚ್ಚಿಕೊಂಡವಲ್ಲ. ಅವುಗಳ ಕರುಳಿನ ಗೋಡೆ ಇಲಿಯದೇ. ಹುಬ್ಬಳ್ಳಿಯ ರೋಗಿಗೆ ರೋಗ ಬರುವ ದಾರಿಯ ಮೊದಲ ಅರ್ಧ ಈ ಇಲಿಯಲ್ಲಿ ಇಲ್ಲ.

ಬಳ್ಳಿರಕ್ತದ ಒಪ್ಪಿಗೆ ಪತ್ರವನ್ನು ಪ್ರಾಣಿ ಸಮಿತಿ ನೋಡುವುದಲ್ಲ, ಮನುಷ್ಯರ ನೈತಿಕ ಸಮಿತಿ ಮತ್ತು ಕಾಂಡಕೋಶ ಸಮಿತಿ ನೋಡಬೇಕು. ಆದರೂ ಲಗತ್ತಿಸಿದ್ದರು, ಓದಿದೆವು. ‘ವೈದ್ಯಕೀಯ ಸಂಶೋಧನೆಗೆ ಬಳಸಲಾಗುವುದು’ ಎಂದಿತ್ತು, ಇಲಿ ಎಂಬ ಪದ ಎಲ್ಲೂ ಇರಲಿಲ್ಲ. ಅದನ್ನು ಬರೆದರೆ ಯಾರೂ ಒಪ್ಪುವುದಿಲ್ಲ ಎಂದು ಅರ್ಜಿದಾರೆಗೆ ಭಯ. ಬರೆದು ನೋಡಿ ಎಂದರು ಮಾಸ್ತರರು.

ಆಕೆ ಹೆರಿಗೆ ವಾರ್ಡಿಗೆ ಹೋಗಿ, ನೋವು ಶುರುವಾಗದ ಗರ್ಭಿಣಿಯರಿಗೆ ತಿದ್ದಿದ ಪತ್ರವನ್ನು ಓದಿ ಹೇಳಿದರು. ಇಲಿಯ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲವಂತೆ. ಗದಗ ಕಡೆಯ ಒಬ್ಬ ಅತ್ತೆ ಕೇಳಿದ್ದು ಬೇರೆಯೇ: ‘ಮಾಸು ನಮಗೆ ಕೊಡುತ್ತಾರಲ್ಲ ತಂಗಿ? ಹುಗಿಯಬೇಕು.’ ಗಟ್ಟಿಯಾಗಿ ಆಕ್ಷೇಪಿಸಿದವರು ಪ್ರಸೂತಿ ತಜ್ಞೆ. ಮಗು ಹುಟ್ಟಿದ ತಕ್ಷಣ ಬಳ್ಳಿಯನ್ನು ಬಿಗಿಯದೆ ಕನಿಷ್ಠ ಒಂದು ನಿಮಿಷ ಕಾಯಬೇಕು, ಆ ರಕ್ತ ಮಗುವಿಗೆ ಸೇರಬೇಕಾದದ್ದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾದರೆ ಬಳ್ಳಿಯಲ್ಲಿ ಉಳಿಯುವ ರಕ್ತ ಕಡಿಮೆ, ಕಾಂಡಕೋಶಗಳೂ ಕಡಿಮೆ. ‘ನಿಮ್ಮ ಇಲಿಗಾಗಿ ನಾನು ಬೇಗ ಬಿಗಿಯುವುದಿಲ್ಲ’ ಎಂದು ಆಕೆ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು. ಎರಡೇ ಬಳ್ಳಿಯಿಂದ 48 ಇಲಿಗಳ ಲೆಕ್ಕ ಹೀಗೂ ಕೆಟ್ಟಿತು.

ತೀರ್ಮಾನ ಮತ್ತು ಆಮೇಲೆ ಆದದ್ದು

ಅರ್ಜಿಯನ್ನು ತಿರಸ್ಕರಿಸಲಿಲ್ಲ, ತಿದ್ದಿ ತರಲು ಹೇಳಿದೆವು. ಮುಖ್ಯ ಸಲಹೆ ಇಷ್ಟೇ: ಇಲಿಗೆ ಹೋಗುವ ಮೊದಲು ಪ್ರಯೋಗಾಲಯದ ತಟ್ಟೆಯಲ್ಲಿ ಮಾಡಿ. ಆರೋಗ್ಯವಂತ ವಯಸ್ಕರು ಸ್ವಲ್ಪ ರಕ್ತ ಕೊಟ್ಟರೆ ಅದರ ಮಾನೊಸೈಟ್ ಎಂಬ ಬಿಳಿಕೋಶಗಳನ್ನು ಮನುಷ್ಯ ಎಂ-ಸಿಎಸ್ಎಫ್ ಜೊತೆ ವಾರದಷ್ಟು ಕಾಲ ಬೆಳೆಸಿ ಭಕ್ಷಕ ಕೋಶ ಮಾಡಿಕೊಳ್ಳಬಹುದು. ಅವಕ್ಕೆ ರೋಗಾಣು ಹಾಕಿ, ಹೊರಗುಳಿದದ್ದನ್ನು ಜೆಂಟಾಮೈಸಿನ್ ಎಂಬ ಪ್ರತಿಜೀವಕದಿಂದ ಕೊಂದು, ಕೋಶಗಳನ್ನು ಒಡೆದು ಒಳಗೆ ಬದುಕಿದ್ದನ್ನು ಎಣಿಸುವುದು ಹಳೆಯ, ಅಗ್ಗದ ವಿಧಾನ. ಎರಡು ಬಳ್ಳಿಗಳ ಬದಲು ಹತ್ತಾರು ಮನುಷ್ಯರನ್ನು ಹೀಗೆ ನೋಡಬಹುದು. ಪ್ರತಿ ರೋಗಾಣುವನ್ನು ಪ್ರತಿ ದಾನಿಯ ಕೋಶದಲ್ಲೂ ಇಟ್ಟರೆ ರೋಗಿಯ ಗುಣವನ್ನೂ ರೋಗಾಣುವಿನ ಗುಣವನ್ನೂ ಬಿಡಿಸಿ ನೋಡಲು ಸಾಧ್ಯ. ಆಕೆಯ ಮೂಲ ಪ್ರಶ್ನೆಯೂ ಅದೇ ತಾನೆ.

ಆ ಕೆಲಸ ಮುಗಿದಿದೆ. ಪ್ರಕಟಣೆಗೆ ಮೊದಲು ಹೆಚ್ಚು ಹೇಳುವ ಹಕ್ಕು ನನಗಿಲ್ಲ. ದಾನಿಗಳ ನಡುವಿನ ವ್ಯತ್ಯಾಸವೇ ದೊಡ್ಡದಾಗಿ ಕಂಡಿತು, ಹೆಚ್ಚಿನ ರೋಗಾಣು ಜೋಡಿಗಳಲ್ಲಿ (ಬೇಗ ಗುಣವಾದವರದು ಒಂದು, ತಡವಾಗಿ ಗುಣವಾದವರದು ಒಂದು) ಹೇಳುವಂಥದ್ದೇನೂ ಸಿಗಲಿಲ್ಲ, ಒಂದು ಜೋಡಿಯಲ್ಲಿ ಮಾತ್ರ ವ್ಯತ್ಯಾಸ ಎಲ್ಲ ದಾನಿಗಳಲ್ಲೂ ಒಂದೇ ದಿಕ್ಕಿಗೆ ಇತ್ತು. ಇಲಿಯವರೆಗೆ ಹೋಗುವುದು ಆ ಒಂದು ಜೋಡಿ.

ಅದನ್ನೂ ಧಾರವಾಡದಲ್ಲಿ ಮಾಡುವುದಿಲ್ಲ. ಗಾಳಿ ಶೋಧಕದ ಗೂಡುಗಳು, ವಿಕಿರಣ ಯಂತ್ರ, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳನ್ನು ಸಾಕಿದ ಅನುಭವ ಎಲ್ಲ ಒಂದೇ ಸೂರಿನಡಿ ಇರುವ, ನೋಂದಾಯಿತ ಹೊರಗಿನ ಕೇಂದ್ರದ ಜೊತೆ ಒಪ್ಪಂದವಾಗಿದೆ. ಅಲ್ಲಿನ ಪ್ರಾಣಿ ಸಮಿತಿ ಬೇರೆ, ಅವರ ಒಪ್ಪಿಗೆ ಬೇರೆಯೇ ಬೇಕು. ನಮ್ಮ ಟಿಪ್ಪಣಿಯನ್ನು ಅವರಿಗೆ ಕಳಿಸಿದ್ದೇವೆ: ಬೇರೆ ಬೇರೆ ದಾನಿಗಳಿಂದ ತಯಾರಾದ ಇಲಿಗಳೇ ಇರಬೇಕು, ಪ್ರತಿ ದಾನಿಯ ಇಲಿಗಳಲ್ಲೂ ಎರಡು ರೋಗಾಣುಗಳೂ ಹೋಗಬೇಕು, ಮನುಷ್ಯ ಕೋಶ ಹಾಕದ ಎನ್ಎಸ್‌ಜಿ ಇಲಿಗಳ ಒಂದು ಗುಂಪು ಹೋಲಿಕೆಗೆ ಇರಬೇಕು, ಎನ್ರೊಫ್ಲಾಕ್ಸಾಸಿನ್ ನಿಲ್ಲಿಸಿದ ದಿನಾಂಕವನ್ನು ಗೂಡಿನ ಚೀಟಿಯ ಮೇಲೆ ಬರೆಯಬೇಕು.

ಅವರಿಂದ ಒಂದು ಪ್ರಶ್ನೆ ಬಂತು. ಸಾಮಾನ್ಯವಾಗಿ ಕಸಿಯಾದ 12 ವಾರಕ್ಕೆ ಇಲಿಯ ರಕ್ತದ ಬಿಳಿಕೋಶಗಳಲ್ಲಿ ಶೇ 25ರಷ್ಟಾದರೂ ಮನುಷ್ಯರದು ಇದ್ದರೆ ಕಸಿ ಹತ್ತಿದೆ ಎಂದು ಎಣಿಸುತ್ತಾರೆ. ಅಷ್ಟು ಬಾರದ ಇಲಿಗಳನ್ನು ಏನು ಮಾಡಬೇಕು? ಅರ್ಜಿದಾರೆ ಮೊದಲು ‘ಕೈಬಿಡಲಾಗುವುದು’ ಎಂದು ಬರೆದಿದ್ದರು. ಈಗ ಬದಲಿಸಿದ್ದಾರೆ. ಅಂಥ ಇಲಿಗಳಿಗೂ ಸೋಂಕು ಕೊಟ್ಟು, ಶೇ 5 ಇದ್ದಾಗ ಎಷ್ಟು ರೋಗಾಣು, ಶೇ 15 ಇದ್ದಾಗ ಎಷ್ಟು ಎಂದು ನೋಡಿದರೆ ಮನುಷ್ಯ ಕೋಶ ಹೆಚ್ಚಿದಂತೆ ಟೈಫಿ ಹೆಚ್ಚುತ್ತದೆಯೇ ಎಂಬುದು ತಿಳಿಯುತ್ತದೆ, ಹೆಚ್ಚುವರಿ ಇಲಿಗಳೂ ಬೇಕಾಗುವುದಿಲ್ಲ. ಈ ತಿದ್ದುಪಡಿ ಆ ಸಮಿತಿಯ ಮುಂದಿನ ಸಭೆಯ ಪಟ್ಟಿಯಲ್ಲಿದೆ.